ಹೊಕ್ಕುಳು ಆರದ ಮರಿಗಳು

ಮೊದಲು ಒಂದು ಬುಟ್ಟಿಯ ಬಗ್ಗೆ ಹೇಳುತ್ತೇನೆ. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗೆ ಇಳಿದ ಹೊಸತು. ಬೆಳಿಗ್ಗೆ ಐದೂವರೆ. ದಕ್ಕೆಯಲ್ಲಿ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಯಲ್ಲಿ, ಏಲಂ ಜೋರಾಗಿ ನಡೆಯುತ್ತಿತ್ತು. ಬಂಗುಡೆ, ಮದ್ಮಲ್, ಬೊಂಡಾಸ್ ರಾಶಿಗಳ ನಡುವೆ ಒಂದು ನೀಲಿ ಪ್ಲಾಸ್ಟಿಕ್ ಬುಟ್ಟಿ ಇತ್ತು. ಅದರ ತುಂಬ ಸುತ್ತಿಗೆ ತಲೆಯ ತಾಟೆ (ಶಾರ್ಕ್) ಮರಿಗಳು. ಒಂದೊಂದೂ ನನ್ನ ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ. ಒಂದನ್ನು ಎತ್ತಿ ಮಗುಚಿ ಹೊಟ್ಟೆಯ ಬದಿ ನೋಡಿದೆ. ಎದೆಯ ಎರಡು ರೆಕ್ಕೆಗಳ ನಡುವೆ, ಉಗುರಿನಷ್ಟು ಉದ್ದದ ಒಂದು ಸೀಳು. ಅದು ಬಲೆಯ ಗಾಯ ಅಲ್ಲ, ಹೊಕ್ಕುಳು. ಇನ್ನೂ ಆರಿರಲಿಲ್ಲ.

ಹೊಕ್ಕುಳು ಆರಿಲ್ಲ ಅಂದರೆ ಹುಟ್ಟಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಅಷ್ಟೇ. ಕೂತು ಎಣಿಸಿದೆ. ಆ ಒಂದು ಬುಟ್ಟಿಯಲ್ಲಿ 38 ಮರಿಗಳು. ಮೀನು ಮಾರುವ ಅಕ್ಕ ಒಬ್ಬರು ನಾನು ಕೊಳ್ಳಲು ಬಂದಿದ್ದೇನೆ ಅಂದುಕೊಂಡು, "ತಗೊಳ್ಳಿ ಮಾಸ್ಟ್ರೇ, ಬಾಣಂತಿಗೆ ಒಳ್ಳೆ ಮೀನು, ಹಾಲು ಜಾಸ್ತಿ ಆಗ್ತದೆ" ಅಂದರು. ಅವರು ಹೇಳಿದ್ದು ನಮ್ಮ ಕರಾವಳಿಯಲ್ಲಿ ಎಲ್ಲರೂ ಹೇಳುವ ಮಾತೇ. ನನ್ನ ಅಜ್ಜಿಯೂ ಹೇಳುತ್ತಿದ್ದರು. ತಮಿಳುನಾಡಿನಲ್ಲಿ ಇದೇ ಕಾರಣಕ್ಕೆ ಈ ಮೀನಿನ ಪಲ್ಯ, ಸುರ ಪುಟ್ಟು, ಮಾಡಿ ಬಾಣಂತಿಗೆ ಬಡಿಸುತ್ತಾರೆ. ಆದರೆ ಅವತ್ತು ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಒಂದು ಕಡೆ ನಮ್ಮ ಮನೆಯ ಬಾಣಂತಿ, ಇನ್ನೊಂದು ಕಡೆ ಕಡಲಿನ ಬಾಣಂತಿ. ಈವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಆ ಎರಡನೆಯವಳ ಬಗ್ಗೆ.

ತಾಟೆಗೆ ಬೇರೆ ಹೆಸರುಗಳೂ ಇವೆ. ಕೊಂಕಣಿ ಮಾತಾಡುವವರು ಮೋರಿ ಅನ್ನುತ್ತಾರೆ, ಕೆಲವು ಕಡೆ ಸೊರ ಅನ್ನುತ್ತಾರೆ. ಅದರ ಸೋದರ ಸಂಬಂಧಿ ತೊರಕೆ, ಚಪ್ಪಟೆ ಮೈ, ಚಾಟಿಯಂಥ ಬಾಲ. ಎರಡಕ್ಕೂ ಗಟ್ಟಿ ಎಲುಬು ಇಲ್ಲ. ನಮ್ಮ ಕಿವಿಯ ಮೇಲ್ಭಾಗ ಮುಟ್ಟಿ ನೋಡಿ, ಒಳಗೆ ಬಾಗುವಂಥದ್ದು ಇದೆಯಲ್ವಾ, ಆ ಜಾತಿಯ ಮೃದ್ವಸ್ಥಿಯಿಂದಲೇ ಅವುಗಳ ಪೂರ್ತಿ ಅಸ್ಥಿಪಂಜರ.

ಈಗ ಒಂದು ಹೋಲಿಕೆ ಕೊಡುತ್ತೇನೆ, ಇದನ್ನು ಕೊನೆಯವರೆಗೂ ನೆನಪಿಟ್ಟುಕೊಳ್ಳಿ. ಬೂತಾಯಿ ಎಂಬ ಸಣ್ಣ ಮೀನು (ಸಾರ್ಡೀನ್) ಅಂದರೆ ಭತ್ತದ ಗದ್ದೆ. ತಾಟೆ ಅಂದರೆ ಹಲಸಿನ ಮರ.

ಬೂತಾಯಿ ಹುಟ್ಟಿ ಒಂದು ವರ್ಷಕ್ಕೆಲ್ಲ ಬೆಳೆದು ಮೊಟ್ಟೆಗೆ ಬರುತ್ತದೆ. ಬದುಕುವುದೇ ಎರಡು ಮೂರು ವರ್ಷ. ಒಂದೊಂದು ಹೆಣ್ಣು ಹತ್ತಾರು ಸಾವಿರ ಮೊಟ್ಟೆ ಬಿಡುತ್ತದೆ. ಮುಂಗಾರಿನ ಗಾಳಿಗೆ ಕಡಲ ಮೇಲಿನ ನೀರು ಆಚೆ ಸರಿದು ಆಳದ ತಂಪು ನೀರು ಮೇಲೆ ಬರುತ್ತದೆ, ಅದರ ಜೊತೆ ಗೊಬ್ಬರದ ಸತ್ವವೂ ಬರುತ್ತದೆ, ಬಿಸಿಲು ಬಿದ್ದ ಕೂಡಲೇ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಹುಲುಸಾಗಿ ಬೆಳೆಯುತ್ತದೆ, ಬೂತಾಯಿ ಮರಿಗಳಿಗೆ ಅದೇ ಊಟ. ಮಳೆ ಚೆನ್ನಾಗಿ ಆದರೆ ಬೆಳೆ. ಕೆಟ್ಟರೆ ಬರಗಾಲ. ರಂಪಣಿ ಬಲೆಯ ಕಾಲ ಕಂಡ ಹಿರಿಯರು ಇಲ್ಲಿ ಯಾರಾದರೂ ಇದ್ದರೆ ಅವರಿಗೆ ನೆನಪಿರಬಹುದು. ಇಡೀ ಕೇರಿ ಸೇರಿ ದಡದಿಂದ ಬಲೆ ಎಳೆಯುವುದು, ತಿಂದು ಮಾರಿ ಒಣಗಿಸಿಯೂ ಉಳಿದ ಬೂತಾಯಿಯನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುವುದು. 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಸುತ್ತುವರಿದು ಬಲೆ ಹಾಕುವ ಪರ್ಸೀನ್ ಬೋಟುಗಳು ಬಂದವು. ರಂಪಣಿ ಮೆಲ್ಲಗೆ ಮುಗಿಯಿತು. ಆ ಜಗಳ ದೊಡ್ಡ ಕಥೆ, ಅದಕ್ಕೇ ಇನ್ನೊಂದು ಸಂಜೆ ಬೇಕು.

ಬೂತಾಯಿಯ ಏರಿಳಿತ ಎಷ್ಟು ದೊಡ್ಡದು ಅನ್ನುವುದಕ್ಕೆ ಪಕ್ಕದ ಕೇರಳವನ್ನೇ ನೋಡಿ. 2012ರಲ್ಲಿ ಅಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತು. 2021ರಲ್ಲಿ ಮೂರು ಸಾವಿರ ಟನ್ ಚಿಲ್ಲರೆ. ಬರೀ ಒಂಬತ್ತು ವರ್ಷದಲ್ಲಿ ನೂರರಲ್ಲಿ ಒಂದು ಪಾಲಿಗೆ ಬಂತು. ಕೇಳಿದರೆ ಎದೆ ಒಡೆಯುತ್ತದೆ. ಆದರೂ ಭತ್ತದ ಗದ್ದೆ ಅದು. ಬೀಜ ಸ್ವಲ್ಪ ಉಳಿದಿದ್ದು, ಎರಡು ಮೂರು ಮಳೆಗಾಲ ಸರಿಯಾಗಿ ಬಂದರೆ ಮತ್ತೆ ಮೇಲೇಳುತ್ತದೆ. ಹಿಂದೆಯೂ ಹೀಗೆ ಬಿದ್ದು ಎದ್ದಿದೆ.

ಹಲಸಿನ ಮರ ಹಾಗಲ್ಲ. ಕಡಿದರೆ ಮುಂದಿನ ಮಳೆಗೆ ಬರುವುದಿಲ್ಲ.

ಇಲ್ಲಿ ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವರು ಎಷ್ಟು ಜನ ಇದ್ದೀರಿ? ಸ್ವಲ್ಪ ವಯಸ್ಸಾದವರು ಕೈ ಎತ್ತಿದ್ದೀರಿ, ನಿಮಗೆ ಸ್ಕೋಲಿಯೋಡಾನ್ ಅನ್ನುವ ಸಣ್ಣ ತಾಟೆ ಗೊತ್ತಿರಲೇಬೇಕು. ನಮ್ಮ ದೇಶದ ಅದೆಷ್ಟೋ ಕಾಲೇಜುಗಳ ಲ್ಯಾಬಿನಲ್ಲಿ ಫಾರ್ಮಲಿನ್ ವಾಸನೆಯ ನಡುವೆ ಮೇಣದ ಟ್ರೇಯಲ್ಲಿ ಮಲಗಿರುತ್ತಿದ್ದ ಮೀನು ಅದು. ನಾನು ಎಷ್ಟೋ ವರ್ಷ ಮಕ್ಕಳಿಗೆ ಅದನ್ನು ಕೊಯ್ದು ತೋರಿಸಿದ್ದೇನೆ. ಆಗ ನಾವು ಮಕ್ಕಳಿಗೆ ಕೇಳುತ್ತಿದ್ದದ್ದು ತಲೆಯ ನರಗಳ ಹೆಸರು. ಐದನೆಯದು ಯಾವುದು, ಏಳನೆಯದು ಎಲ್ಲಿ ಹೋಗುತ್ತದೆ. ಅದು ಎಷ್ಟು ಮರಿ ಹಾಕುತ್ತದೆ, ಎಷ್ಟು ವರ್ಷಕ್ಕೆ ತಾಯಿಯಾಗುತ್ತದೆ ಅಂತ ಒಂದು ದಿನವೂ ಕೇಳಲಿಲ್ಲ. ಸಿಲೆಬಸ್ಸಿನಲ್ಲಿ ಇರಲಿಲ್ಲ. ಈಗ ಕಾಲೇಜುಗಳಲ್ಲಿ ಆ ಕೊಯ್ಯುವಿಕೆ ನಿಂತಿದೆ, ಅದು ಒಳ್ಳೆಯದೇ ಆಯಿತು. ಆದರೆ ಆ ಪ್ರಶ್ನೆ ಇನ್ನೂ ಬಾಕಿ ಇದೆ.

ಒಮ್ಮೆ ದಕ್ಕೆಯಲ್ಲಿ ಮೀನು ಕತ್ತರಿಸುವ ಅಕ್ಕ ಒಬ್ಬರು ಸ್ಕೋಲಿಯೋಡಾನ್ ಒಂದರ ಹೊಟ್ಟೆ ಸೀಳಿದಾಗ ಪಕ್ಕದಲ್ಲೇ ಕೂತಿದ್ದೆ. ಗಬ್ಬದ ಮೀನು. ಗರ್ಭಕೋಶದ ಎರಡು ಚೀಲ, ತೆಳು ಪೊರೆ, ಒಳಗೆ ಮರಿಗಳು ಬಾಳೆಕಾಯಿಯ ಚಿಪ್ಪಿನ ಹಾಗೆ ಒಂದರ ಪಕ್ಕ ಒಂದು ಮಲಗಿದ್ದವು. ಪ್ರತಿ ಮರಿಯ ಎದೆಯಿಂದ ಒಂದು ದಾರ. ಆ ದಾರದ ಮೈಗೆಲ್ಲ ಸಣ್ಣ ಸಣ್ಣ ಕುಚ್ಚು. ಇನ್ನೊಂದು ತುದಿ ತಾಯಿಯ ಗರ್ಭದ ಗೋಡೆಗೆ ಅಂಟಿಕೊಂಡಿತ್ತು. ಮಾಸು, ಹೊಕ್ಕುಳಬಳ್ಳಿ, ಎರಡೂ ಇವೆ! ಮನುಷ್ಯರಲ್ಲಿ, ಹಸುವಿನಲ್ಲಿ ಇರುವ ಹಾಗೆ. ಮೀನಿನಲ್ಲಿ ಇದು ಇದೆ ಅಂದರೆ ನಂಬುವುದು ಕಷ್ಟ. ಸ್ಕೋಲಿಯೋಡಾನಿನ ಮೊಟ್ಟೆ ಸಾಸಿವೆ ಕಾಳಿಗಿಂತಲೂ ಸಣ್ಣದು, ಅದರಲ್ಲಿ ಮರಿಗೆ ಬೇಕಾದ ಆಹಾರವೇ ಇರುವುದಿಲ್ಲ. ಬೆಳೆಯಲು ಬೇಕಾದದ್ದು ಬಹುಪಾಲು ತಾಯಿಯ ರಕ್ತದಿಂದಲೇ ಬರಬೇಕು. ಆ ಅಕ್ಕ ನನ್ನ ಮುಖ ನೋಡಿ, ಕತ್ತಿ ಕೆಳಗಿಟ್ಟು, "ಇದು ನಮ್ಮ ಹಾಗೇ ಅಲ್ವಾ ಮಾಸ್ಟ್ರೇ" ಅಂದರು. ಮೂವತ್ತು ವರ್ಷದಿಂದ ಮೀನು ಕತ್ತರಿಸುತ್ತಿದ್ದವರು ಅವರು.

ಸ್ಕೋಲಿಯೋಡಾನ್ ಸಣ್ಣ ಜಾತಿ. ಎರಡಡಿಗಿಂತ ಸ್ವಲ್ಪ ಜಾಸ್ತಿ ಬೆಳೆದರೆ ಹೆಚ್ಚು. ಬೇಗ ತಾಯಿಯಾಗುತ್ತದೆ, ಒಂದು ಸಲಕ್ಕೆ ಹತ್ತು ಹನ್ನೆರಡು ಮರಿ ಹಾಕುತ್ತದೆ. ತಾಟೆಗಳಲ್ಲಿ ಇದೇ ಚುರುಕಿನದ್ದು. ಸುತ್ತಿಗೆ ತಲೆಯದ್ದನ್ನು ತೆಗೆದುಕೊಂಡರೆ ಲೆಕ್ಕ ಬೇರೆ. ಹತ್ತು ಹದಿನೈದು ವರ್ಷ ಆಗಬೇಕು ಅದು ತಾಯಿಯಾಗಲು. ಬಸಿರು ಒಂಬತ್ತು ಹತ್ತು ತಿಂಗಳು. ಹೌದು, ನಮ್ಮ ಹಾಗೆಯೇ. ಮರಿ ಹನ್ನೆರಡರಿಂದ ನಲವತ್ತರವರೆಗೆ. ಅಂದರೆ ಆ ನೀಲಿ ಬುಟ್ಟಿಯಲ್ಲಿ ಇದ್ದದ್ದು ಎರಡು ಮೂರು ತಾಯಂದಿರ ಒಂದು ಬಾಣಂತನದ ಅಷ್ಟೂ ಮಕ್ಕಳು ಇರಬಹುದು. ಏಲಂನಲ್ಲಿ ಅದಕ್ಕೆ ಸಿಕ್ಕ ದುಡ್ಡು ಒಂದು ದೊಡ್ಡ ಅಂಜಲ್ ಮೀನಿಗೆ ಸಿಗುವಷ್ಟೂ ಅಲ್ಲ. ನನಗೆ ಹೊಟ್ಟೆ ಉರಿದದ್ದು ಅದಕ್ಕೇ. ಯಾರಿಗೂ ದೊಡ್ಡ ಲಾಭ ಇಲ್ಲದೆ ಆಗುತ್ತಿರುವ ನಷ್ಟ ಇದು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಟಿವಿಯಲ್ಲಿ, ಪತ್ರಿಕೆಯಲ್ಲಿ ಶಾರ್ಕ್ ಅಂದ ಕೂಡಲೇ ಚೀನಾದ ರೆಕ್ಕೆ ಸೂಪ್, ರೆಕ್ಕೆ ಕೊಯ್ದು ಜೀವಂತ ಮೀನನ್ನು ಕಡಲಿಗೆ ಎಸೆಯುವ ಚಿತ್ರ ತೋರಿಸುತ್ತಾರೆ. ಅದು ಜಗತ್ತಿನ ಬೇರೆ ಕಡಲುಗಳಲ್ಲಿ ನಡೆದದ್ದು ನಿಜ. ನಮ್ಮಲ್ಲಿ ಕಥೆ ಹಾಗಿಲ್ಲ. ನಮ್ಮಲ್ಲಿ ತಾಟೆಯ ಮಾಂಸ ತಿನ್ನುತ್ತಾರೆ, ಆದ್ದರಿಂದ ಇಡೀ ಮೀನು ದಡಕ್ಕೆ ಬರುತ್ತದೆ. ಗೋವಾದ ಹುಳಿಖಾರದ ಮೀನು ಸಾರು ಆಂಬೋಟಿಕ್ಕಿಗೆ ಮೋರಿಯೇ ಬೇಕು ಅನ್ನುವವರಿದ್ದಾರೆ. ಕೇರಳದಲ್ಲಿ ಒಣಸೊರಕ್ಕೆ ಒಳ್ಳೆ ಬೇಡಿಕೆ. ನಮ್ಮ ಕಡೆ ಉಪ್ಪು ಹಾಕಿ ಒಣಗಿಸಿಟ್ಟು ಮಳೆಗಾಲಕ್ಕೆ ಚಟ್ನಿ ಮಾಡುತ್ತಾರೆ. 2013ರಲ್ಲಿ ಕೇಂದ್ರ ಸರ್ಕಾರ ರೆಕ್ಕೆ ಮೈಗೆ ಅಂಟಿಕೊಂಡೇ ದಡಕ್ಕೆ ಬರಬೇಕು ಅಂತ ನಿಯಮ ಮಾಡಿತು, 2015ರಲ್ಲಿ ರೆಕ್ಕೆಯ ರಫ್ತನ್ನೇ ನಿಲ್ಲಿಸಿತು. ಬೇಕಾಗಿತ್ತು, ಸರಿ. ಆದರೆ ಆ ಬುಟ್ಟಿಯ ಮರಿಗಳನ್ನು ಯಾರೂ ರೆಕ್ಕೆಗಾಗಿ ಹಿಡಿದಿರಲಿಲ್ಲ. ಅಷ್ಟು ಸಣ್ಣ ರೆಕ್ಕೆಯನ್ನು ಯಾರು ಕೊಳ್ಳುತ್ತಾರೆ?

ಒಣಗಿಸುವ ಮಾತು ಬಂತು, ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ತಾಟೆ ಸ್ವಲ್ಪ ಹಳತಾದರೆ ಮೂಗಿಗೆ ಬಡಿಯುವ ಒಂದು ವಾಸನೆ ಬರುತ್ತದಲ್ವಾ, ಕಣ್ಣಲ್ಲಿ ನೀರು ಬರಿಸುವಂಥದ್ದು? ಅದು ಅಮೋನಿಯ. ತಾಟೆ ತನ್ನ ರಕ್ತದಲ್ಲಿ, ಮಾಂಸದಲ್ಲಿ ಯೂರಿಯಾ ಇಟ್ಟುಕೊಂಡಿರುತ್ತದೆ, ನಾವು ಮೂತ್ರದಲ್ಲಿ ಹೊರಗೆ ಹಾಕುವ ಅದೇ ಯೂರಿಯಾ. ಉಪ್ಪು ನೀರು ಅದರ ಮೈಯ ನೀರನ್ನು ಹೀರಿಬಿಡದಂತೆ ಅದು ಮಾಡಿಕೊಂಡ ಉಪಾಯ ಇದು. ಸತ್ತ ಮೇಲೆ ಬ್ಯಾಕ್ಟೀರಿಯ ಆ ಯೂರಿಯಾವನ್ನು ಅಮೋನಿಯ ಮಾಡುತ್ತವೆ. ನನ್ನ ಅಜ್ಜಿ ತಾಟೆಯನ್ನು ಬಿಸಿನೀರಿಗೆ ಅದ್ದಿ, ತೆಂಗಿನ ಸಿಪ್ಪೆಯಲ್ಲಿ ಉಜ್ಜಿ ಚರ್ಮ ತೆಗೆದು, ಅರಿಶಿನ ಉಪ್ಪು ಹಚ್ಚಿ ಎರಡು ಮೂರು ಸಲ ತೊಳೆಯುತ್ತಿದ್ದರು. ಅವರಿಗೆ ಯೂರಿಯಾದ ಹೆಸರು ಗೊತ್ತಿರಲಿಲ್ಲ, ಆದರೆ ಅದನ್ನು ತೆಗೆಯುವುದು ಗೊತ್ತಿತ್ತು. ಆ ಚರ್ಮವನ್ನು ತಲೆಯಿಂದ ಬಾಲಕ್ಕೆ ಸವರಿದರೆ ನುಣುಪು, ಬಾಲದಿಂದ ತಲೆಗೆ ಸವರಿದರೆ ಮರಳು ಕಾಗದ. ಚರ್ಮದ ತುಂಬ ಇರುವುದು ಹಲ್ಲಿನ ಜಾತಿಯ ಪುಟ್ಟ ಹುರುಪೆಗಳು. ಮುಂದಿನ ಸಲ ಮುಟ್ಟಿ ನೋಡಿ.

ಹಾಗಾದರೆ ತಾಟೆಯನ್ನು ಹಿಡಿಯುವವರು ಯಾರು? ಹಿಂದೆ ಒಂದು ಕಾಲದಲ್ಲಿ ಎಣ್ಣೆಗಾಗಿ ಹಿಡಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಯುರೋಪಿನಿಂದ ಕಾಡ್ ಮೀನಿನ ಎಣ್ಣೆ ಬರುವುದು ನಿಂತಾಗ, ವಿಟಮಿನ್ ಎ ಬೇಕಲ್ಲ ಅಂತ ಕೋಯಿಕ್ಕೋಡಿನಲ್ಲಿ, ಮುಂಬೈಯಲ್ಲಿ ಶಾರ್ಕಿನ ಪಿತ್ತಜನಕಾಂಗದಿಂದ ಎಣ್ಣೆ ತೆಗೆಯಲು ಶುರು ಮಾಡಿದರು. ತಾಟೆಗೆ ಬೇರೆ ಮೀನಿನ ಹಾಗೆ ಹೊಟ್ಟೆಯಲ್ಲಿ ಗಾಳಿಚೀಲ ಇಲ್ಲ, ಮುಳುಗದಂತೆ ತೇಲಿಸುವುದು ಆ ಎಣ್ಣೆಯೇ, ಆದ್ದರಿಂದ ಅಷ್ಟು ದೊಡ್ಡ ಲಿವರ್. ಆಮೇಲೆ ವಿಟಮಿನ್ನನ್ನು ಕಾರ್ಖಾನೆಯಲ್ಲೇ ಮಾಡುವುದು ಕಲಿತರು, ಆ ಬೇಡಿಕೆ ಬಿತ್ತು. ಈಗ ತಾಟೆಯನ್ನೇ ಹುಡುಕಿಕೊಂಡು ಹೋಗುವವರು ಕಡಿಮೆ. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರಿನ ಮೀನುಗಾರರು ಅದರಲ್ಲಿ ಹೆಸರುವಾಸಿ. ಉದ್ದನೆಯ ಗಾಳದ ಸಾಲು ಹಿಡಿದು ವಾರಗಟ್ಟಲೆ ಆಳ ಕಡಲಿಗೆ ಹೋಗುತ್ತಾರೆ, ಕೊಚ್ಚಿಯಲ್ಲಿ ಇಳಿಸುತ್ತಾರೆ. ಅವರ ಹಾಗೆ ಕಡಲನ್ನು ಬಲ್ಲವರು ವಿರಳ.

ನಮ್ಮ ಕರ್ನಾಟಕದಲ್ಲಿ ತಾಟೆ ಬರುವುದು ಬೇರೆ ಮೀನಿಗೆ ಹಾಕಿದ ಬಲೆಯಲ್ಲಿ. ಅಂಜಲ್ ಮೀನಿಗೆ ಹಾಕಿದ, ಗೋಡೆಯ ಹಾಗೆ ನಿಲ್ಲುವ ಗಿಲ್‌ನೆಟ್ಟಿನಲ್ಲಿ. ಎಲ್ಲಕ್ಕಿಂತ ಜಾಸ್ತಿ, ತಳ ಗುಡಿಸುವ ಟ್ರಾಲ್ ಬಲೆಯಲ್ಲಿ. ಹತ್ತು ಹನ್ನೆರಡು ದಿನಕ್ಕೆ ಐಸ್, ಡೀಸೆಲ್, ಅಕ್ಕಿ ತುಂಬಿಕೊಂಡು ಹೋಗುವ ಬೋಟುಗಳು ಕೇರಳದಿಂದ ಮಹಾರಾಷ್ಟ್ರದವರೆಗೆ ಓಡಾಡುತ್ತವೆ. ಬಲೆಯ ಬಾಲ, ಅಂದರೆ ಮೀನು ಬಂದು ಸೇರುವ ಚೀಲ ಇದೆಯಲ್ಲ, ಅದರ ಕಣ್ಣು ಎಷ್ಟು ಸಣ್ಣದು ಅನ್ನುವುದರ ಮೇಲೆ ಎಲ್ಲ ನಿಂತಿದೆ. 35 ಮಿಲಿಮೀಟರ್ ಚೌಕದ ಕಣ್ಣು ಇರಲಿ ಅಂತ ವಿಜ್ಞಾನಿಗಳು ಎಷ್ಟೋ ಕಾಲದಿಂದ ಹೇಳುತ್ತಿದ್ದಾರೆ. ಯಾಕೆ ಚೌಕ? ಸಾಮಾನ್ಯ ಬಲೆಯ ಕಣ್ಣು ವಜ್ರದ ಆಕಾರದ್ದು, ಎಳೆದಾಗ ಮುಚ್ಚಿಕೊಳ್ಳುತ್ತದೆ. ಚೌಕದ ಕಣ್ಣು ಎಳೆದರೂ ತೆರೆದೇ ಇರುತ್ತದೆ, ಸಣ್ಣ ಮರಿ ನುಸುಳಿ ಹೋಗುತ್ತದೆ. ಆದರೆ ಹಾಗೆ ನುಸುಳಿ ಹೋಗಬೇಕಾದ ಚಿಳ್ಳೆ ಮೀನಿಗೂ ಈಗ ದುಡ್ಡು ಇದೆ. ಫಿಶ್‌ಮೀಲ್ ಕಾರ್ಖಾನೆಗಳು ಅದನ್ನು ಕೊಳ್ಳುತ್ತವೆ, ಪುಡಿ ಮಾಡಿ ಕೋಳಿಗೆ, ಸಾಕು ಸಿಗಡಿಗೆ ಹಾಕುತ್ತಾರೆ. ಬೋಟಿನ ಡೀಸೆಲ್ ಖರ್ಚು ಹುಟ್ಟುವುದು ಎಷ್ಟೋ ಸಲ ಅದರಲ್ಲೇ. ಆದ್ದರಿಂದ ತಾಂಡೇಲನನ್ನು, ಅಂದರೆ ಬೋಟು ನಡೆಸುವವನನ್ನು, ಬೈದು ಪ್ರಯೋಜನ ಇಲ್ಲ. ಅವನು ಬಡ್ಡಿ ಕಟ್ಟಬೇಕು, ಬೋಟಿನಲ್ಲಿ ದುಡಿಯುವ ಕಲಾಸಿಗಳಿಗೆ ಪಾಲು ಕೊಡಬೇಕು.

ಎಷ್ಟು ಕಮ್ಮಿಯಾಗಿದೆ ಅಂತ ಕೇಳುತ್ತೀರಿ. 1998ರಲ್ಲಿ ನಮ್ಮ ದೇಶದಲ್ಲಿ ತಾಟೆ, ತೊರಕೆ, ಅವುಗಳ ಬಳಗದ ಗಿಟಾರ್ ಮೀನು ಎಲ್ಲ ಸೇರಿ ಸುಮಾರು 75 ಸಾವಿರ ಟನ್ ದಡಕ್ಕೆ ಬಂದಿತ್ತು. 2013ರ ಹೊತ್ತಿಗೆ 46 ಸಾವಿರದ ಆಸುಪಾಸು. ಆ ನಡುವೆ ಬೋಟುಗಳು ಕಮ್ಮಿಯಾಗಲಿಲ್ಲ, ಎಂಜಿನ್ ಸಣ್ಣದಾಗಲಿಲ್ಲ, ಎಲ್ಲ ದೊಡ್ಡದಾಯಿತು. ಜಗತ್ತಿನ ತೆರೆದ ಸಾಗರಗಳಲ್ಲಿ 1970ರಿಂದ ಈಚೆಗೆ ಶಾರ್ಕ್ ಮತ್ತು ತೊರಕೆಗಳು ನೂರಕ್ಕೆ 71ರಷ್ಟು ಕಡಿಮೆಯಾಗಿವೆ ಅಂತ 2021ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಹೇಳಿತು.

ಆದರೆ ಟನ್ನಿನ ಲೆಕ್ಕ ಒಂದು ವಿಷಯ ಮುಚ್ಚಿಡುತ್ತದೆ. ನಮ್ಮ ಕಡಲಲ್ಲಿ ಈ ಕುಟುಂಬದ ನೂರೈವತ್ತಕ್ಕೂ ಹೆಚ್ಚು ಜಾತಿಗಳಿವೆ. ದಕ್ಕೆಯಲ್ಲಿ ಎಲ್ಲಕ್ಕೂ ಎರಡೇ ಹೆಸರು, ತಾಟೆ ಮತ್ತು ತೊರಕೆ. ದೊಡ್ಡ ಜಾತಿ ಹೋಗಿ ಸಣ್ಣ ಜಾತಿ ಬಂದರೂ ಪುಸ್ತಕದಲ್ಲಿ 'ತಾಟೆ, ಇಷ್ಟು ಕಿಲೋ' ಅಂತಲೇ ಬರೆಯುತ್ತಾರೆ. ನಾನು ವಾರಕ್ಕೊಮ್ಮೆ ಒಂದು ನೋಟ್‌ಬುಕ್ಕು, ಒಂದು ಟೇಪು ಹಿಡಿದುಕೊಂಡು ದಕ್ಕೆಗೆ ಹೋಗುತ್ತಿದ್ದವ. ಮೊದಮೊದಲು ನನ್ನ ಟೇಪು ಸಾಲುತ್ತಿರಲಿಲ್ಲ, ಒಬ್ಬ ಹುಡುಗ ಬಾಲ ಹಿಡಿದುಕೊಳ್ಳಬೇಕಿತ್ತು. ಕೊನೆಕೊನೆಗೆ ಶಾಲೆಯ ಸ್ಕೇಲೇ ಸಾಕಾಗುವ ದಿನಗಳು ಬಂದವು.

ಗರಗಸ ಮೀನಿನ ಹೆಸರು ಕೇಳಿದ್ದೀರಾ? ಮೂತಿಯೇ ಗರಗಸ, ಎರಡೂ ಬದಿ ಹಲ್ಲು. ನಾನು ಚಿಕ್ಕವನಿದ್ದಾಗ ಒಂದು ಹಳೆಯ ವ್ಯಾಪಾರಿಗಳ ಮನೆಯ ಜಗಲಿಯ ಗೋಡೆಗೆ ಅಂಥದ್ದೊಂದು ಮೂತಿ ತೂಗುಹಾಕಿದ್ದರು, ನನ್ನ ಎತ್ತರಕ್ಕಿಂತ ಉದ್ದ ಇತ್ತು. ದಕ್ಕೆಗೆ ಹೋಗುತ್ತಿದ್ದ ಅಷ್ಟೂ ವರ್ಷದಲ್ಲಿ ಜೀವ ಇದ್ದದ್ದನ್ನು, ಸತ್ತದ್ದನ್ನು ಒಂದನ್ನೂ ನಾನು ನೋಡಲಿಲ್ಲ. 2021ರ ಮಾರ್ಚಿನಲ್ಲಿ ಮಲ್ಪೆಯಲ್ಲಿ ಬೋಟೊಂದರ ಬಲೆಗೆ ಸುಮಾರು 250 ಕಿಲೋ ತೂಕದ ಒಂದು ಬಿತ್ತು, ಪತ್ರಿಕೆಗಳಲ್ಲೆಲ್ಲ ಫೋಟೋ ಬಂತು. ಹಿಂದೆ ನದಿ ಬಾಯಿಗಳಲ್ಲಿ ಸಿಗುತ್ತಿದ್ದ ಮೀನು ಈಗ ಸುದ್ದಿಯಾಗುತ್ತದೆ. ಅದರ ಗರಗಸವೇ ಅದಕ್ಕೆ ಶತ್ರು. ಯಾವ ಬಲೆ ಇರಲಿ, ಎಷ್ಟು ದೊಡ್ಡ ಕಣ್ಣು ಇರಲಿ, ಹಲ್ಲು ಸಿಕ್ಕಿಹಾಕಿಕೊಂಡರೆ ಬಿಡಿಸಿಕೊಳ್ಳಲು ಆಗುವುದಿಲ್ಲ.

ಕಾನೂನು ಇಲ್ಲವಾ ಅಂದರೆ ಇದೆ. 2001ರಲ್ಲಿ ತಿಮಿಂಗಿಲ ಶಾರ್ಕನ್ನು ಹುಲಿ, ಆನೆಯ ಸಾಲಿನಲ್ಲಿ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಗೆ ಸೇರಿಸಿದರು. ಆ ಪಟ್ಟಿಗೆ ಸೇರಿದ ಮೊದಲ ಮೀನು ಅದು. ಅದೇ ವರ್ಷದ ಕೊನೆಗೆ ಗರಗಸ ಮೀನು ಮತ್ತೆ ಕೆಲವು ಜಾತಿಗಳು ಸೇರಿದವು. 2022ರ ತಿದ್ದುಪಡಿಯಲ್ಲಿ ಪಟ್ಟಿ ಇನ್ನೂ ಉದ್ದವಾಯಿತು. ಆದರೆ ಪಟ್ಟಿಯಲ್ಲಿ ಇರುವುದು ಲ್ಯಾಟಿನ್ ಹೆಸರು, ಬೋಟಿನಲ್ಲಿ ಇರುವುದು ತಾಟೆ, ತೊರಕೆ. ಕತ್ತಲಲ್ಲಿ, ಅಲೆಯ ಮೇಲೆ ತೂಗುವ ಬೋಟಿನಲ್ಲಿ, ನೂರಾರು ಕಿಲೋ ಮೀನಿನ ರಾಶಿಯಲ್ಲಿ ಕಾಲಿಟ್ಟುಕೊಂಡು ವಿಂಗಡಿಸುವ ಕಲಾಸಿಗೆ ಇದು ಕಾನೂನಿನ ತೊರಕೆ, ಇದು ಅಲ್ಲ ಅಂತ ಹೇಗೆ ಗೊತ್ತಾಗಬೇಕು? ಅವನ ಭಾಷೆಯಲ್ಲಿ, ಚಿತ್ರದ ಜೊತೆ, ನೀರಿಗೆ ಹಾಳಾಗದ ಒಂದು ಹಾಳೆಯಾದರೂ ಬೋಟಿನಲ್ಲಿ ಇರಬೇಕು ಅಲ್ವಾ?

ಇನ್ನೊಂದು, ನಮ್ಮ ಮಳೆಗಾಲದ ಮೀನುಗಾರಿಕೆ ನಿಷೇಧ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31, 61 ದಿನ. ಬೂತಾಯಿ ಮೊಟ್ಟೆ ಇಡುವ ಹೊತ್ತಿಗೆ ಸರಿಯಾಗಿ ಹೊಂದುತ್ತದೆ, ಹಾಗಾಗಿ ಅದನ್ನು ಯಾರೂ ಸಡಿಲ ಮಾಡಬಾರದು. ಆದರೆ ಅದು ಗದ್ದೆಗೆ ಹಾಕಿದ ಬೇಲಿ. ಸ್ಕೋಲಿಯೋಡಾನ್ ವರ್ಷವಿಡೀ ಮರಿ ಹಾಕುತ್ತದೆ. ಸುತ್ತಿಗೆ ತಲೆಯ ಮರಿಗಳು ಹುಟ್ಟಿದ ಮೇಲೆ ತಿಂಗಳುಗಟ್ಟಲೆ ದಡದ ಹತ್ತಿರದ ಆಳ ಕಡಿಮೆ ಇರುವ ನೀರಿನಲ್ಲೇ ಇರುತ್ತವೆ, ದೊಡ್ಡ ಮೀನುಗಳ ಬಾಯಿಂದ ತಪ್ಪಿಸಿಕೊಳ್ಳಲು. ನಿಷೇಧ ಮುಗಿದು ಬೋಟು ಇಳಿದಾಗ ಮೊದಲ ಬಲೆ ಬೀಳುವುದು ಅಲ್ಲೇ.

ಈಗ ಗುಜರಾತಿನ ಕಥೆ. ಇದನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ವೆರಾವಲ್ ಸುತ್ತಮುತ್ತ 1990ರ ದಶಕದಲ್ಲಿ ತಿಮಿಂಗಿಲ ಶಾರ್ಕನ್ನು ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. ಕೊಕ್ಕೆ ಚುಚ್ಚಿ, ಅದು ಮುಳುಗದಂತೆ ಹಗ್ಗಕ್ಕೆ ಖಾಲಿ ಬ್ಯಾರಲ್ ಕಟ್ಟುತ್ತಿದ್ದರು. ಹಾಗಾಗಿ ಆ ಮೀನಿನ ಹೆಸರೇ ಬ್ಯಾರಲ್. ಲಿವರಿನ ಎಣ್ಣೆ ಮರದ ದೋಣಿಗೆ ನೀರು ಹಿಡಿಯದಂತೆ ಬಳಿಯಲು, ಮಾಂಸ ತೈವಾನಿಗೆ. ಕಾನೂನು 2001ರಲ್ಲೇ ಬಂತು, ಆದರೆ ಎಷ್ಟೋ ಮೀನುಗಾರರಿಗೆ ಅದರ ವಿಷಯವೇ ತಿಳಿದಿರಲಿಲ್ಲ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾದವರು ಅಲ್ಲಿ ಕೆಲಸ ಶುರು ಮಾಡಿದರು. ರಾಮಕಥೆ ಹೇಳುವ ಮೊರಾರಿ ಬಾಪು ಜೊತೆಗೆ ಬಂದರು. ಅವರು ಜನರಿಗೆ ಹೇಳಿದ್ದು ತುಂಬ ಸರಳ. ಈ ಮೀನು ದೂರದಿಂದ ನಮ್ಮ ಕಡಲಿಗೆ ಬರುವುದು ಹೆರಿಗೆಗೆ ತವರಿಗೆ ಬರುವ ಮಗಳ ಹಾಗೆ, ಮನೆಗೆ ಬಂದ ಮಗಳನ್ನು ಕೊಲ್ಲುತ್ತೀರಾ? ಹೆಸರೂ ಬದಲಾಯಿತು. ಬ್ಯಾರಲ್ ಹೋಗಿ ವ್ಹಾಲಿ ಆಯಿತು. ವ್ಹಾಲಿ ಅಂದರೆ ಮುದ್ದಿನವಳು.

ಬರೀ ಮಾತಲ್ಲಿ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ, ಇದು ಮುಖ್ಯ. ಮೀನನ್ನು ಬಿಡಬೇಕಾದರೆ ಬಲೆ ಕಡಿಯಬೇಕು. ಬಲೆ ಕಡಿದವನಿಗೆ ಸರ್ಕಾರ 25 ಸಾವಿರ ರೂಪಾಯಿವರೆಗೆ ಪರಿಹಾರ ಕೊಡಲು ಶುರು ಮಾಡಿತು. ಮೊದಲು ಅಧಿಕಾರಿಗಳು ಬಂದು ನೋಡುವವರೆಗೆ ಕಾಯಬೇಕಿತ್ತು, ಅಷ್ಟರಲ್ಲಿ ಮೀನು ಸುಸ್ತಾಗುತ್ತಿತ್ತು. ಆಮೇಲೆ ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ಟರು. ನೀವೇ ಬಿಡಿ, ನೀವೇ ಫೋಟೋ ತೆಗೆಯಿರಿ, ಅದೇ ಸಾಕ್ಷಿ. ಅವರ ಮಾತನ್ನು ನಂಬಿದರು. ಹೀಗೆ ಬಿಟ್ಟ ತಿಮಿಂಗಿಲ ಶಾರ್ಕುಗಳ ಲೆಕ್ಕ ಇಲ್ಲಿವರೆಗೆ 900 ದಾಟಿದೆ. ಮಹಾರಾಷ್ಟ್ರವೂ 2018ರಿಂದ ಇಂಥದ್ದೇ ಪರಿಹಾರ ಕೊಡುತ್ತಿದೆ.

ನಮ್ಮ ಕಡೆ ಒಬ್ಬ ತಾಂಡೇಲರು ನನಗೆ ಕೇಳಿದ್ದು ಇದನ್ನೇ. "ಬಿಡುವುದಕ್ಕೆ ನಮಗೇನು ಕಷ್ಟ ಇಲ್ಲ ಮಾಸ್ಟ್ರೇ. ದೊಡ್ಡದು ಬಲೆಗೆ ಬಿದ್ದರೆ ನಮಗೂ ಹೆದರಿಕೆಯೇ. ಆದರೆ ಬಲೆ ಯಾರು ಕೊಡ್ತಾರೆ ಹೇಳಿ." ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಡಬೇಕಾದದ್ದು ಸರ್ಕಾರ, ಮತ್ತೆ ಅದನ್ನು ಕೇಳಬೇಕಾದವರು ಬರೀ ಮೀನುಗಾರರಲ್ಲ, ನಾವೂ.

ಬಿಡುವುದೊಂದೇ ಎಲ್ಲಕ್ಕೂ ಮದ್ದಲ್ಲ, ಇದನ್ನೂ ಹೇಳಬೇಕು. ಗಿಟಾರ್ ಮೀನು, ತೊರಕೆ ಇವೆಲ್ಲ ತಳದಲ್ಲಿ ಮಲಗಿದ್ದೇ ಉಸಿರಾಡಬಲ್ಲವು. ಕಣ್ಣಿನ ಹಿಂದೆ ಒಂದು ತೂತು ಇದೆ, ಅದರಿಂದ ನೀರು ಎಳೆದುಕೊಳ್ಳುತ್ತವೆ. ಬೋಟಿನ ಮೇಲೆ ಸ್ವಲ್ಪ ಹೊತ್ತು ಇದ್ದರೂ ನೀರಿಗೆ ಬಿಟ್ಟರೆ ಬದುಕುವ ಸಾಧ್ಯತೆ ಚೆನ್ನಾಗಿದೆ. ಸುತ್ತಿಗೆ ತಲೆಯದ್ದು ಹಾಗಲ್ಲ. ಅದು ಈಜುತ್ತಲೇ ಇರಬೇಕು, ಈಜಿದರೆ ಮಾತ್ರ ಕಿವಿರಿನ ಮೇಲೆ ನೀರು ಹರಿಯುತ್ತದೆ. ಬಲೆಯಲ್ಲಿ ಸಿಕ್ಕಿ ನಿಂತರೆ ಬೇಗ ಉಸಿರು ಕಟ್ಟುತ್ತದೆ, ಮೇಲೆ ಬರುವಾಗಲೇ ಬಹುತೇಕ ಸತ್ತಿರುತ್ತದೆ. ಹಾಗಾಗಿ ಅದಕ್ಕೆ ಬಿಡುವುದು ಸಾಲದು, ಸಿಗದಂತೆ ನೋಡಿಕೊಳ್ಳಬೇಕು. ಮರಿಗಳು ಎಲ್ಲಿ, ಯಾವ ತಿಂಗಳು ಜಾಸ್ತಿ ಅಂತ ತಾಂಡೇಲರಿಗೆ ಗೊತ್ತು, ಯಾವ ಪುಸ್ತಕದಲ್ಲೂ ಅಷ್ಟು ಇಲ್ಲ. ಅವರನ್ನು ಕೂರಿಸಿ, ಕೇಳಿ, ಆ ಜಾಗವನ್ನು ಆ ಕೆಲವು ವಾರ ಟ್ರಾಲ್ ಬಲೆಯಿಂದ ಬಿಡಿಸಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ.

ನೀವು ತಾಟೆ ತಿನ್ನಬೇಡಿ ಅಂತ ಹೇಳುತ್ತೀರಾ ಅಂತ ನನ್ನನ್ನು ಯಾವಾಗಲೂ ಕೇಳುತ್ತಾರೆ. ಮೀನು ತಿಂದು ಬೆಳೆದವ ನಾನು, ಮೀನು ಬಿಡಿ ಅಂತ ಯಾರಿಗೂ ಹೇಳುವುದಿಲ್ಲ. ಬೂತಾಯಿ ತಿನ್ನಿ, ಬಂಗುಡೆ ತಿನ್ನಿ, ಸೀಸನ್ನಿನಲ್ಲಿ ಹೊಟ್ಟೆ ತುಂಬ ತಿನ್ನಿ. ಆದರೆ ಬಾಣಂತಿಯ ವಿಷಯದಲ್ಲಿ ಒಂದು ಮಾತು, ನನ್ನ ಅಜ್ಜಿಯ ಕಾಲದಲ್ಲಿ ಗೊತ್ತಿಲ್ಲದ್ದು. ದೊಡ್ಡ ತಾಟೆ ಬೇರೆ ಮೀನು ತಿನ್ನುತ್ತದೆ, ಆ ಮೀನು ಅದಕ್ಕಿಂತ ಸಣ್ಣದನ್ನು ತಿಂದಿರುತ್ತದೆ, ಹೀಗೆ ಕಡಲಿನ ಪಾದರಸ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದು ಅದರ ಮಾಂಸದಲ್ಲಿ ಸೇರುತ್ತದೆ. ವರ್ಷ ಜಾಸ್ತಿ ಬದುಕಿದಷ್ಟೂ ಜಾಸ್ತಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಪುಟ್ಟ ಮಕ್ಕಳು ತಿನ್ನಬಾರದು ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಕೊಟ್ಟಿರುವ ಮೀನಿನ ಪಟ್ಟಿಯಲ್ಲಿ ಶಾರ್ಕ್ ಇದೆ. ಅವರು ಪಟ್ಟಿ ಮಾಡಿದ್ದು ಮಗುವಿನ ಮಿದುಳು, ನರ ಬೆಳೆಯುವ ಕಾಲ ಇದು ಅಂತ. ನಮ್ಮ ಬಾಣಂತಿಗೆ ಬೂತಾಯಿ ಸಾರು ಕೊಡಿ. ಒಳ್ಳೆಯ ಕೊಬ್ಬು ಅದರಲ್ಲೇ ಜಾಸ್ತಿ ಇದೆ, ಪಾದರಸ ತೀರಾ ಕಡಿಮೆ, ಬೆಲೆಯೂ ಕಡಿಮೆ. ನನ್ನ ಮಗಳ ಬಾಣಂತನದಲ್ಲಿ ನಾವು ಮಾಡಿದ್ದು ಅದನ್ನೇ. ನೆರೆಮನೆಯ ಹಿರಿಯರು ಒಣತಾಟೆ ತಂದುಕೊಟ್ಟಾಗ ಕೂರಿಸಿ ಕಾರಣ ಹೇಳಿದೆವು. ಅವರು ಒಪ್ಪಿದರು, ಮಾರನೇ ದಿನ ಬೂತಾಯಿ ತಂದರು.

ಇನ್ನು ನೀವು ಮಾಡಬಹುದಾದ ಒಂದು ಕೆಲಸ. ನಾಳೆ ಶನಿವಾರ, ನಾನು ದಕ್ಕೆಗೆ ಹೋಗುತ್ತೇನೆ. ಐದು ಗಂಟೆಗೆ ಗೇಟಿನ ಹತ್ತಿರ ಇರಿ. ಜಾರದ ಚಪ್ಪಲಿ ಹಾಕಿಕೊಳ್ಳಿ, ಒಳ್ಳೆ ಬಟ್ಟೆ ಬೇಡ. ಏಲಂ ಕೂಗುವವರಿಗೆ, ತಲೆಯ ಮೇಲೆ ಬುಟ್ಟಿ ಹೊತ್ತು ಓಡುವ ಅಕ್ಕಂದಿರಿಗೆ ಅಡ್ಡ ನಿಲ್ಲಬೇಡಿ, ಅವರ ಹೊತ್ತಿನ ಬೆಲೆ ನಮಗಿಂತ ಜಾಸ್ತಿ. ಕೇಳದೆ ಫೋಟೋ ತೆಗೆಯಬೇಡಿ. ತಾಟೆ ಮರಿ ಕಂಡರೆ, ಅದರ ಒಡತಿಯ ಹತ್ತಿರ ಕೇಳಿ, ಎತ್ತಿ ಮಗುಚಿ, ಎದೆಯ ರೆಕ್ಕೆಗಳ ನಡುವೆ ಬೆರಳು ಆಡಿಸಿ ನೋಡಿ. ಸೀಳು ತೆರೆದಿದೆಯಾ, ಅರ್ಧ ಮುಚ್ಚಿದೆಯಾ, ಪೂರ್ತಿ ಆರಿದೆಯಾ, ತಾರೀಕು ಹಾಕಿ ಬರೆದುಕೊಳ್ಳಿ. ಅದು ಯಾವ ಕಡೆಯ ನೀರಿನಲ್ಲಿ ಸಿಕ್ಕಿತು ಅಂತ ಬೋಟಿನವರನ್ನು ಕೇಳಿ, ಅದನ್ನೂ ಬರೆಯಿರಿ. ಟೇಪು, ಪೆನ್ಸಿಲ್ ನಾನು ತರುತ್ತೇನೆ. ಪೆನ್ನು ತರಬೇಡಿ, ಐಸ್ ನೀರಿಗೆ ಶಾಯಿ ನಿಲ್ಲುವುದಿಲ್ಲ.